ಚೆಂಡು ಸಾಹೇಬನ ಎಡಗಾಲು

ಆ ಕಾಲದ ಟೆಂಟ್ ಸಿನಿಮಾದ ಮಾತು ಬಂದರೆ ಸಾಕು, ನನ್ನ ವಾರಗೆಯವರ ಬಾಯಲ್ಲಿ ಜೇನು ಸುರಿಯುತ್ತದೆ. ಮಣ್ಣಿನ ನೆಲ, ಪೊಟ್ಟಣದ ಹುರಿಗಡಲೆ, ಬೀಡಿ ಹೊಗೆಯೊಳಗೆ ತೂರಿ ಹೋಗುವ ಬೆಳಕು, ರೀಲು ಕಡಿದಾಗಿನ ಶಿಳ್ಳೆ. ಎಲ್ಲರೂ ಬರೆದಿದ್ದಾರೆ, ಬರೆದು ಕಣ್ಣು ಒರೆಸಿಕೊಂಡಿದ್ದಾರೆ. ಬರೆಯಲಿ. ಅವರೆಲ್ಲ ಪರದೆಯ ಮುಂದೆ ಕೂತವರು. ನಾನು ಹಿಂದೆ ಕೂತವಳು. ಆ ಟೆಂಟಿನ ನೆನಪಾದರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ನಿಮಗೆ ಬಿ.ಪಿ. ಇದೆ, ಸಿಟ್ಟು ಮಾಡಿಕೊಳ್ಳಬೇಡಿ ಎನ್ನುತ್ತಾರೆ ಡಾಕ್ಟರು. ಪಾಪ, ಈ ಸಿಟ್ಟು ಅವರು ಹುಟ್ಟುವ ಮೊದಲಿನದು.

ನಮ್ಮದು ಶಿರಾಳಕೊಪ್ಪ. ರಾಜ್ಯ ಒಂದಾಗಿ ಒಂದೆರಡು ವರ್ಷ ಆಗಿದ್ದ ಕಾಲ. ನಾವು ಪಿಂಜಾರರು, ಮುಸಲ್ಮಾನರೇ, ಆದರೆ ಮನೆಮಾತು ಕನ್ನಡ. ಅಪ್ಪ ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುತ್ತಿದ್ದ. ಬೆಳಿಗ್ಗೆ ಕಣ್ಣು ಬಿಟ್ಟರೆ ಹಿಂಜುವ ಬಿಲ್ಲಿನ ಠೊಂಯ್ ಠೊಂಯ್ ಸದ್ದು, ಮೂಗಿನಲ್ಲಿ ಹತ್ತಿಯ ಧೂಳು, ತಟ್ಟೆಯ ರೊಟ್ಟಿಯ ಮೇಲೂ ಒಂದು ಬಿಳಿ ಎಳೆ. ಅಣ್ಣ ದಾದಾಪೀರ ನನಗಿಂತ ಎರಡು ವರ್ಷ ದೊಡ್ಡವನು. ನಾನು ಇಮಾಂಬಿ. ಎಲ್ಲರೂ ಇಮ್ಮಿ ಎನ್ನುತ್ತಿದ್ದರು. ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು.

ಹುಡುಗರ ಆಟದಲ್ಲಿ ನನಗೆ ಜಾಗ ಸಿಕ್ಕಿದ್ದು ಚೆಂಡಿನಿಂದ. ಊರಿನಲ್ಲಿ ಯಾರ ಹತ್ತಿರವೂ ಫುಟ್ಬಾಲ್ ಇರಲಿಲ್ಲ. ಗಾದಿಯ ಪಟ್ಟೆಪಟ್ಟೆ ಬಟ್ಟೆಯ ತುಂಡುಗಳನ್ನು ಜೋಡಿಸಿ, ನಡುವೆ ತೆಂಗಿನ ನಾರು, ಸುತ್ತ ಹಳೇ ಹತ್ತಿ ಬಿಗಿಯಾಗಿ ತುರುಕಿ, ಗಾದಿ ಸೂಜಿಯಲ್ಲಿ ನಾನು ಒಂದು ಚೆಂಡು ಹೊಲಿದೆ. ಒದ್ದರೆ ಧಪ್ ಎನ್ನುತ್ತಿತ್ತು. ಪುಟಿಯುತ್ತಿದ್ದದ್ದು ಕಡಿಮೆ, ಆದರೆ ಹೇಳಿದ ಕಡೆ ಹೋಗುತ್ತಿತ್ತು. ಸುಗ್ಗಿ ಮುಗಿದ ಗದ್ದೆಯಲ್ಲಿ ನಮ್ಮ ಆಟ. ಗೋಲಿಗೆ ಎರಡು ಕಲ್ಲು. ಭತ್ತದ ಕೂಳೆ ಚುಚ್ಚಿ ಅಂಗಾಲಿನಿಂದ ರಕ್ತ ಬಂದರೆ ಮಣ್ಣು ಮೆತ್ತಿಕೊಂಡು ಮತ್ತೆ ಓಡುವುದು. ಚೆಂಡಿಗಾಗಿ ನನ್ನನ್ನು ಸೇರಿಸಿಕೊಂಡವರು ಆಮೇಲೆ ನನ್ನ ಕಾಲಿಗಾಗಿ ಉಳಿಸಿಕೊಂಡರು. ಜಂಬವಲ್ಲ, ಇದ್ದದ್ದು ಹೇಳುತ್ತೇನೆ: ನಮ್ಮ ಗುಂಪಿನಲ್ಲಿ ಗೋಲು ಹೊಡೆಯುತ್ತಿದ್ದವಳು ನಾನು. ಕ್ಯಾಪ್ಟನ್ ಬಸವರಾಜ ಮಂಡಿ ಸಾಹುಕಾರರ ಮಗ. ಅವನು ಕೂಗುವುದರಲ್ಲಿ ಮುಂದು, ಓಡುವುದರಲ್ಲಿ ಹಿಂದು. ಚೆಂಡು ಬಂದ ಕೂಡಲೇ "ಇಮ್ಮೀ, ತಗೋ!" ಎಂದು ನನ್ನ ಕಡೆ ತಳ್ಳಿ ನಿಂತುಬಿಡುತ್ತಿದ್ದ.

ಆ ಬೇಸಿಗೆ, ಸಂತೆಗೆ ಅಪ್ಪಂದಿರ ಜೊತೆ ಬಂದಿದ್ದ ಸೊರಬದ ಹುಡುಗರು ನಮ್ಮ ಆಟ ನೋಡಿ ಬದುವಿನ ಮೇಲೆ ಕೂತು ನಕ್ಕರು.

"ಎಂಥ ಮಾರಾಯ, ದಿಂಬು ಒದೀತಿದ್ದೀರಲ್ಲ! ಸೊರಬಕ್ಕೆ ಬನ್ನಿ. ನಮ್ಮ ಹತ್ರ ತೊಗಲಿನ ಚೆಂಡು ಉಂಟು."

"ಬರ್ತೀವಿ. ದಿಂಬೂ ತರ್ತೀವಿ," ಎಂದೆ ನಾನು.

ಮಾತು ಕುದುರಿತು. ಯುಗಾದಿ ಕಳೆದ ಮೇಲಿನ ಭಾನುವಾರ, ಸೊರಬದ ಶಾಲೆಯ ಬಯಲು. ಅರ್ಧ ಆಟ ಅವರ ತೊಗಲಿನ ಚೆಂಡಿನಲ್ಲಿ, ಅರ್ಧ ಆಟ ನಮ್ಮ ದಿಂಬಿನಲ್ಲಿ. ನಾನು ಅಲ್ಲಿಯವರೆಗೆ ಕಂಡ ಪರವೂರು ಎಂದರೆ ಶಿಕಾರಿಪುರ, ಅದೂ ಒಂದು ಮದುವೆಗೆ. ಸೊರಬದ ಬಸ್ಸು ದಿನಾ ನಮ್ಮ ಮನೆಯ ಮುಂದೆ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಅದರೊಳಗೆ ಕೂತು ಹೋಗುವುದು, ಆ ಬಯಲಲ್ಲಿ ನಿಜವಾದ ತೊಗಲಿನ ಚೆಂಡನ್ನು ಒದೆಯುವುದು. ನನಗೆ ಬೇಕಾಗಿದ್ದು ಅಷ್ಟೇ. ಹನ್ನೊಂದು ವರ್ಷದ ಹುಡುಗಿಗೆ ಬೇರೇನು ಬೇಕು? ಬಳೆ ಬೇಕೇ, ಬಂಗಾರ ಬೇಕೇ?

ಅದಾದ ಕೆಲವು ದಿನಕ್ಕೆ ಶಿಕಾರಿಪುರದಲ್ಲಿ ಬೀಡು ಬಿಟ್ಟಿದ್ದ ಟೆಂಟು ನಮ್ಮೂರಿಗೆ ಬಂತು. ಯಾವುದೋ ಪುರಾಣದ ಪಿಚ್ಚರಿನ ರೀಲು ಪೆಟ್ಟಿಗೆ ಬರಬೇಕಿತ್ತಂತೆ. ಅದು ಇನ್ನೆಲ್ಲೋ ಸಿಕ್ಕಿಬಿದ್ದು, ಬದಲಿಗೆ ಸ್ಪೇನ್ ದೇಶದ ಒಂದು ಪಿಚ್ಚರ್ ಬಂದಿಳಿಯಿತು. ಎತ್ತಿನ ಗಾಡಿಯ ಮೇಲೆ ಕೂಗುವ ತಗಡಿನ ಭೋಂಗಾ ಹಿಡಿದು ಟೆಂಟಿನವನು ಊರು ಸುತ್ತಿದ.

"ಜಗತ್ತಿನಲ್ಲೇ ದೊಡ್ಡ ಫುಟ್ಬಾಲ್ ಆಟಗಾರ! ವೇಷ ಇಲ್ಲ, ಬಣ್ಣ ಇಲ್ಲ, ತಾನೇ ತಾನಾಗಿ ಬರ್ತಾನೆ! ಸ್ವತಃ ಅವನೇ! ನೋಡಿ, ಆನಂದಿಸಿ!"

ಆಟಗಾರನ ಹೆಸರನ್ನು ಅವನು ಒಂದೊಂದು ಓಣಿಯಲ್ಲಿ ಒಂದೊಂದು ಥರ ಕೂಗಿದ. ನಾಲಗೆ ಹೊರಳಲಿಲ್ಲ. ಊರವರು ಸುಮ್ಮನೆ ಚೆಂಡು ಸಾಹೇಬ ಎಂದುಬಿಟ್ಟರು.

"ತಾನೇ ತಾನಾಗಿ ಅಂದ್ರ ಏನಪ್ಪಾ?" ಎಂದು ದಾದಾಪೀರ ಕೇಳಿದ.

ಅಪ್ಪ ಬಿಲ್ಲು ಕೆಳಗಿಟ್ಟು ಹೇಳಿದ: "ಅಂದ್ರ ನಾಟಕ ಅಲ್ಲಲೇ. ರಾಮನ ಪಾತ್ರ ಮಾಡೋನು ರಾಮ ಅಲ್ಲ. ಇವ ಹಂಗಲ್ಲ. ಇವ ಹೆಂಗ ಅದಾನೋ ಹಂಗ ಬರ್ತಾನ. ತನ್ನ ಕಾಲು, ತನ್ನ ಆಟ, ತನ್ನ ಹೆಸರು."

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಯಾರದೋ ಪಾತ್ರ ಮಾಡಬೇಕಿಲ್ಲ, ತಾನು ತಾನಾಗಿದ್ದರೇ ಜನ ಬಂದು ನೋಡುತ್ತಾರೆ! ಅಂಥವನನ್ನು ನೋಡದಿದ್ದರೆ ಹೇಗೆ? ಅಪ್ಪ, ಅವ್ವ, ಅಣ್ಣ, ನಾನು ನಾಲ್ವರೂ ಹೊರಟೆವು.

ಹಿಂದಿನ ವರ್ಷದವರೆಗೆ ನಾನು ಅಪ್ಪನ ಜೊತೆ ಪರದೆಯ ಮುಂದೆ ಮಣ್ಣಿನಲ್ಲಿ ಕೂತು ನೋಡಿದವಳು. ಈ ಸಲ ಬಾಗಿಲಲ್ಲಿ ನಿಂತವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಅಡ್ಡ ಕೈ ಇಟ್ಟ.

"ಏಯ್, ಎಲ್ಲಿಗೆ ಹೊಂಟಿ? ಹೆಣ್ಮಕ್ಳು ಆ ಕಡೆ."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ದಾದಾಪೀರನ ಕೈ ಹಿಡಿದು ಒಳಗೆ ನಡೆದ. ತಿರುಗಿ ನೋಡಲಿಲ್ಲ.

ಆ ಕಡೆ ಎಂದರೆ ಪರದೆಯ ಹಿಂದೆ. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆ ಟೆಂಟಿನಲ್ಲಿ ಬಿಳಿ ಬಟ್ಟೆಯ ಪರದೆಯನ್ನು ನಟ್ಟನಡುವೆ ಕಟ್ಟುತ್ತಿದ್ದರು. ಮುಂದೆ, ಚಿತ್ರ ಬಿಡುವ ಮಿಷನ್ ಇದ್ದ ಕಡೆ, ಗಂಡಸರು. ಹಿಂದೆ ನಾವು, ಎಲ್ಲಾ ಜಾತಿಯ ಹೆಂಗಸರು. ಆಟಕ್ಕೆ ಮೊದಲು ಒಬ್ಬ ಆಳು ಬಕೆಟ್ಟಿನಿಂದ ಪರದೆಗೆ ನೀರು ಎರಚುತ್ತಿದ್ದ. ಬಟ್ಟೆ ತೊಯ್ದರೆ ಚಿತ್ರ ಹಾಯ್ದು ಹಿಂದಕ್ಕೂ ಕಾಣುತ್ತದೆ. ಮುಂದೆ ಕೂತವರಿಗೆ ಚಿತ್ರ, ನಮಗೆ ಚಿತ್ರದ ಜೊತೆ ತಲೆಯ ಮೇಲೆ ತೊಟ್ಟಿಕ್ಕುವ ನೀರು. ಮುಖ ಮಸುಕು, ಕೆಳಗೆ ರಾಡಿ, ಒದ್ದೆ ಬಟ್ಟೆಯ ಮುಗ್ಗಲು ವಾಸನೆ. ಆದರೂ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು, ಮಂಡಕ್ಕಿ ಕಟ್ಟಿಕೊಂಡು ಬರುತ್ತಿದ್ದರು.

ಹೂವು ಮಾರುವ ಗಂಗಜ್ಜಿ ಅಲ್ಲಿನ ಯಜಮಾನಿ. ಸಿನಿಮಾದ ವಿಚಾರದಲ್ಲಿ ಅವಳು ಹೇಳಿದ್ದೇ ವೇದ. ಒದ್ದೆಯಿಲ್ಲದ ಜಾಗದಲ್ಲಿ ತನ್ನ ಚಾಪೆ ಹಾಸಿ ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು.

"ಮೊದಲನೇ ಸಲ ಬಂದೀಯಲ್ಲ, ಕೇಳಿಸ್ಕೋ. ಈ ಸಿನಿಮಾದ ಮಂದಿ ಅಷ್ಟೂ ಎಡಚರು. ಎಡಗೈಲೇ ಉಣ್ತಾರ, ಎಡಗೈಲೇ ತಾಳಿ ಕಟ್ತಾರ. ದೇವರೂ ಎಡಗೈ ಎತ್ತೇ ಆಶೀರ್ವಾದ ಮಾಡ್ತಾನ. ನೋಡಿ ನಗಬಾರದು, ಅವರ ಪದ್ಧತಿ ಅದು."

ನಗಬೇಡಿ ನೀವೂ. ಹೆಂಗಸರೆಲ್ಲ ಅದನ್ನು ನಂಬಿದ್ದರು, ಯಾಕೆಂದರೆ ಅವರ ಕಣ್ಣಿಗೆ ಕಾಣುತ್ತಿದ್ದದ್ದೇ ಅದು. ನಾಯಕಿಯ ಸೆರಗು ಬಲಹೆಗಲ ಮೇಲಿರುವುದನ್ನು ನೋಡಿ ಬಂದ ಒಬ್ಬ ಹೊಸ ಸೊಸೆ ತಾನೂ ಬಲಕ್ಕೆ ಸೆರಗು ಹಾಕಿ ಅತ್ತೆಯ ಕೈಲಿ ಬೈಸಿಕೊಂಡಿದ್ದಳು. ನಾನು ಹೋದ ವರ್ಷ ಪರದೆಯ ಮುಂದೆ ಕೂತು ಸಿನಿಮಾ ನೋಡಿದ್ದೆನಲ್ಲ, ದೇವರು ಯಾವ ಕೈ ಎತ್ತಿದ್ದ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗುತ್ತದೆಯೇ? ಚಿಕ್ಕ ಮಕ್ಕಳು ದೇವರನ್ನು ನೋಡುತ್ತಾರೆ, ಕೈಯನ್ನಲ್ಲ.

ಪಿಚ್ಚರ್ ಶುರುವಾಯಿತು. ಏನೇನೋ ಅಕ್ಷರ ಬಂದವು. ನಮ್ಮ ಲಿಪಿಯಲ್ಲ, ಯಾರಿಗೂ ಓದಲು ಬರುವುದಿಲ್ಲ. ಮಾತೂ ತಿಳಿಯುವುದಿಲ್ಲ. ಭೋಂಗಾದವನು ಆ ಕಡೆ ಗಂಡಸರ ಮುಂದೆ ನಿಂತು ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ. ಅದು ನಮಗೆ ಅರ್ಧಂಬರ್ಧ ಕೇಳುತ್ತಿತ್ತು. "ಈಗ ಚೆಂಡು ಸಾಹೇಬರು ಮನೆಯಿಂದ ಹೊರಡುತ್ತಾರೆ… ಈಗ ಬೀದಿ ಹುಡುಗರು ಅಡ್ಡ ಬರುತ್ತಾರೆ…" ನಾನು ಕಥೆ ಬಿಟ್ಟು ಕಾಲು ನೋಡಿದೆ. ಅಗಲ ಹಣೆಯ, ಗಟ್ಟಿಮುಟ್ಟಾದ ಗಂಡಸು. ಬೀದಿಯ ಬಡ ಹುಡುಗರಿಗೆ ಚೆಂಡು ಒದೆಯುವುದನ್ನು ಕಲಿಸುತ್ತಾನೆ. ಚೆಂಡನ್ನು ಪಾದದ ಮೇಲೆ ಕೂರಿಸಿಕೊಳ್ಳುತ್ತಾನೆ, ಬೆಕ್ಕಿನ ಮರಿಯನ್ನು ಕೂರಿಸಿಕೊಂಡ ಹಾಗೆ. ಕೊನೆಗೆ ದೊಡ್ಡ ಮೈದಾನ, ಕಣ್ಣು ಹಾಯುವಷ್ಟು ದೂರ ಜನ. ದೂರದಿಂದ ಓಡಿ ಬಂದು, ಮೈಯನ್ನು ಬಾಗಿಸಿ, ಎಡಗಾಲಿನಲ್ಲಿ ಒದ್ದ ನೋಡಿ, ಚೆಂಡು ಬಲೆಗೆ ಹೋಗಿ ಬಿತ್ತು. ಮುಂದೆ ಗಂಡಸರು ಶಿಳ್ಳೆ ಹಾಕಿದರು. ಹಿಂದೆ ನಾನೂ ಎರಡು ಬೆರಳು ಬಾಯಿಗಿಟ್ಟು ಹಾಕಿದೆ. ಅವ್ವ ತೊಡೆ ಚಿವುಟಿದಳು, ಗಂಗಜ್ಜಿ ಮಾತ್ರ "ಹಾಕಲಿ ಬಿಡು" ಎಂದಳು.

ಮರುದಿನದಿಂದ ಮಂಡಿಯ ಹಿಂದಿನ ಗೋಡೆಗೆ ಎಡಗಾಲಿನಲ್ಲಿ ಒದೆಯಲು ಶುರು ಮಾಡಿದೆ. ಮೊದಮೊದಲು ಚೆಂಡು ಎಲ್ಲೆಲ್ಲೋ ಹೋಯಿತು, ನಾನೂ ಬಿದ್ದೆ. ಹಟ ಹಿಡಿದೆ. ಕ್ರಮೇಣ ಗೋಡೆಯ ಮೇಲೆ ನಾನು ಗುರುತು ಮಾಡಿದ ಕಡೆಯೇ ಚೆಂಡು ಬಡಿಯತೊಡಗಿತು. ನನಗೆ ಎರಡು ಕಾಲು ಬಂದಂತಾಯಿತು.

ಗದ್ದೆಯಲ್ಲಿ ಬಸವರಾಜ ಇದನ್ನು ನೋಡಿ ನಿಂತ.

"ಇದೇನೇ ಇಮ್ಮಿ, ಎಡಗಾಲು?"

"ಚೆಂಡು ಸಾಹೇಬ ಹಂಗೇ ಒದ್ದನಲ್ಲ."

"ಎಡಗಾಲಾ? ಬಲಗಾಲು ಕಣೇ ಅದು!"

"ಎಡಗಾಲು. ನಾ ಕಣ್ಣಾರೆ ನೋಡೀನಿ."

"ನಾವೇನು ಕಣ್ಣು ಮುಚ್ಕೊಂಡಿದ್ವಾ?"

ಹುಡುಗರೆಲ್ಲ ಸುತ್ತುಗಟ್ಟಿದರು. ಬಲಗಾಲು, ಬಲಗಾಲು. ದಾದಾಪೀರನೂ ಬಲಗಾಲು. ಒಬ್ಬ "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದ. ಕುಣಿಯಲು ಬಂದದ್ದು ಆ ಗುಂಪಿನಲ್ಲಿ ನನಗೊಬ್ಬಳಿಗೇ! ನಾನು ಅವನ ಅಂಗಿ ಹಿಡಿದೆ. ಬಸವರಾಜ ಬಿಡಿಸಿ, ಪಂಚರ ಹಾಗೆ ಮುಖ ಮಾಡಿ ಹೇಳಿದ: "ನೋಡು, ಸುಳ್ಳು ಹೇಳೋರನ್ನ ಸೊರಬಕ್ಕೆ ಕರ್ಕೊಂಡು ಹೋಗೋಕಾಗಲ್ಲ. ಊರಿನ ಮರ್ಯಾದಿ ಪ್ರಶ್ನೆ. ಬಲಗಾಲು, ನಾ ಸುಳ್ಳು ಹೇಳಿದೆ ಅಂತ ಎಲ್ಲರ ಮುಂದೆ ಅನ್ನು. ಮುಂದಿಂದು ನೋಡಾಣ."

"ನೋಡಾಣ" ಎಂದ, ಕರೆದುಕೊಂಡು ಹೋಗುತ್ತೇವೆ ಎನ್ನಲಿಲ್ಲ. ಅದು ನನ್ನ ಕಿವಿಗೆ ಆಗ ಬೀಳಲಿಲ್ಲ.

ನಾನು ಸಾಕ್ಷಿ ಹುಡುಕಿ ಹೊರಟೆ. ಗಂಗಜ್ಜಿ ಹೂವಿನ ಬುಟ್ಟಿ ಬಿಟ್ಟು ಎದ್ದು ಬಂದಳು. "ಎಡಗಾಲೇ ಕಣ್ರಲೇ. ನಾ ಮುದುಕಿ ಇರಬಹುದು, ಕುರುಡಿ ಅಲ್ಲ," ಎಂದಳು. ಬಲಕ್ಕೆ ಸೆರಗು ಹಾಕಿದ್ದ ಸೊಸೆ ಕಿಟಕಿಯಿಂದಲೇ ಎಡಗಾಲು ಎಂದಳು. ಕೇಳಿದ ಹೆಂಗಸರೆಲ್ಲ ಎಡಗಾಲು ಎಂದರು, ಗಂಡಸರೆಲ್ಲ ಬಲಗಾಲು. ಎರಡು ದಿನ ಊರಿನಲ್ಲಿ ಅದೇ ಮಾತು. ಆದರೆ ನೋಡಿ, ಇಷ್ಟು ಹೆಂಗಸರು ಒಂದೇ ಮಾತು ಹೇಳುತ್ತಿದ್ದಾರಲ್ಲ, ಯಾಕಿರಬಹುದು ಎಂದು ಒಬ್ಬ ಗಂಡಸೂ ಕೇಳಲಿಲ್ಲ. ಎಲ್ಲರೂ ಸೇರಿ ತಪ್ಪು ನೋಡಿದ್ದಾರೆ ಎಂದುಕೊಳ್ಳುವುದು ಅವರಿಗೆ ಅಷ್ಟು ಸುಲಭವಿತ್ತು.

ನಮ್ಮ ಮನೆಯಲ್ಲೂ ಊಟದ ಹೊತ್ತಿಗೆ ಅದು ಎದ್ದಿತು.

"ಸುಮ್ನ ಬಲಗಾಲು ಅಂದುಬಿಡು. ಏನು ಹಟ ನಿಂದು?" ಎಂದ ಅಪ್ಪ.

"ನೋಡದ್ದನ್ನ ಹೆಂಗ ಅನ್ಲಿ?"

"ಅಂದ್ರ ನಾ ಸುಳ್ಳೇನು?"

ಅವ್ವ ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ನಾನೂ ನೋಡೀನಿ. ಎಡಗಾಲು."

ಅಪ್ಪ ತಟ್ಟೆ ಸರಿಸಿ ಎದ್ದ. ನನ್ನಪ್ಪ ಕೆಟ್ಟವನಲ್ಲ. ಕೈ ಎತ್ತಿದವನಲ್ಲ. ಆದರೆ ಹೆಂಡತಿಯ ಕಣ್ಣಿಗೂ ತನ್ನ ಕಣ್ಣಿಗೂ ತೂಕ ಒಂದೇ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಆ ದಿನ ಅವ್ವನೂ ಊಟ ಮಾಡಲಿಲ್ಲ.

ಕೊನೆಗೆ ಟೆಂಟಿನವನನ್ನೇ ಕೇಳೋಣ ಎಂದು ನಾನೇ ಪಟ್ಟು ಹಿಡಿದೆ. ಹುಡುಗರೆಲ್ಲ ಬಂದರು. ಹಗಲು ಹೊತ್ತು ಅವನು ಪರದೆಯನ್ನು ಬಿಚ್ಚಿ ಒಣಗಲು ಹರವುತ್ತಿದ್ದ. ನಾನು ಕೇಳಿದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ, ಕೈಯಲ್ಲಿದ್ದ ಬಟ್ಟೆ ನೋಡಿದ. ಅವನಿಗೆ ಗೊತ್ತಿತ್ತು. ದಿನಾ ಆ ಬಟ್ಟೆ ಕಟ್ಟುವವನಿಗೆ ಗೊತ್ತಿರದೆ ಏನು? ಒಂದು ಮಾತು ಹೇಳಿದ್ದರೆ ಸಾಕಿತ್ತು: ಮಗಾ, ನೀನು ಹಿಂದಿನಿಂದ ನೋಡಿದೆ, ಎಲ್ಲಾ ತಿರುಗಿ ಕಾಣುತ್ತದೆ, ನಿನ್ನದೂ ಸರಿ ಅವರದೂ ಸರಿ. ಆದರೆ ಹಾಗೆ ಹೇಳಿದರೆ ಊರ ಹೆಂಗಸರಿಗೆಲ್ಲ ತಾನು ಹಿಂದುಮುಂದಾದ ಚಿತ್ರ ತೋರಿಸುತ್ತಿದ್ದೇನೆ ಎಂದು ಒಪ್ಪಿಕೊಂಡಂತೆ.

"ಬಲಗಾಲು," ಎಂದ ಅವನು. "ಹೆಂಗಸರ ಮಾತು ಏನ್ ಕೇಳ್ತೀರಿ ಹೋಗ್ರಿ."

ಹುಡುಗರು ಹೋ ಎಂದು ಕೂಗಿದರು. ಸುಳ್ಳಿ, ಸುಳ್ಳಿ. ದಾದಾಪೀರ ಕೂಗಲಿಲ್ಲ, ಆದರೆ ಕೂಗಬೇಡಿ ಎಂದೂ ಹೇಳಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತ ನಿಂತಿದ್ದ.

ನಾನು ಬಲಗಾಲು ಎನ್ನಲಿಲ್ಲ. ಇಂದಿಗೂ ಕೆಲವರು ಕೇಳುತ್ತಾರೆ, ಒಂದು ಮಾತು ಅಂದುಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು. ನನ್ನ ಹತ್ತಿರ ಗಂಟು ಎಂದು ಇದ್ದದ್ದು ಅದೊಂದೇ, ನನ್ನ ಕಣ್ಣು ಕಂಡದ್ದು. ಅದನ್ನೂ ಬಿಟ್ಟುಕೊಟ್ಟು ಸೊರಬಕ್ಕೆ ಹೋದರೆ, ಅಲ್ಲಿ ಚೆಂಡು ಒದೆಯುವವಳು ಯಾರು?

ಪಂದ್ಯದ ಹಿಂದಿನ ದಿನ ಬಸವರಾಜ ನಮ್ಮ ಮನೆಗೆ ಬಂದ. ಕೈಯಲ್ಲಿ ನನ್ನ ಚೆಂಡು. ಹೊಲಿಗೆ ಬಿಟ್ಟು ಹತ್ತಿ ಹೊರಗೆ ಬಂದಿತ್ತು. ನನ್ನ ಜೊತೆ ಮಾತಾಡಲಿಲ್ಲ, ಅಪ್ಪನಿಗೆ ಹೇಳಿದ: "ಸ್ವಲ್ಪ ಹೊಲಿಸಿಕೊಡ್ರಿ. ನಾಳೆ ಬೇಕು."

ಮಂಡಿ ಸಾಹುಕಾರರ ಮನೆಯ ಗಾದಿಗಳೆಲ್ಲ ಅಪ್ಪನ ಕೈಯವು. ಅಪ್ಪ ಚೆಂಡನ್ನು ನನ್ನ ಮಡಿಲಿಗೆ ಹಾಕಿ "ಹೊಲಿದುಕೊಡವ್ವ" ಎಂದ.

ನಾನು ಹೊಲಿದೆ. ಎಷ್ಟು ಬಿಗಿಯಾಗಿ ಹೊಲಿದೆ ಎಂದರೆ ಸೂಜಿ ಬೆರಳಿಗೆ ಚುಚ್ಚಿ ಚುಚ್ಚಿ ಪಟ್ಟೆ ಬಟ್ಟೆಯ ಮೇಲೆ ರಕ್ತದ ಚುಕ್ಕೆ ಬಿದ್ದವು. ನನ್ನ ಮಾತು ಸುಳ್ಳು, ನನ್ನ ಕಣ್ಣು ಸುಳ್ಳು, ಕೈ ಮಾತ್ರ ನಿಜ! ಭಾನುವಾರ ಬೆಳಿಗ್ಗೆ ಆ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಅವರು ಸೊರಬದ ಬಸ್ಸು ಹತ್ತಿದರು. ನನ್ನ ಜಾಗದಲ್ಲಿ ದಾದಾಪೀರ. ಬಸ್ಸು ನಮ್ಮ ಮನೆಯ ಮುಂದೆಯೇ ಹೋಯಿತು. ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತೆ. ಹೊರಗೆ ಅವರು ಹಾಡು ಹೇಳುತ್ತ ಹೋದದ್ದು ಕೇಳಿಸಿತು.

ಅದಾದ ಮೇಲಿನ ವಾರ ಟೆಂಟಿಗೆ ಪುರಾಣದ ಪೆಟ್ಟಿಗೆ ಬಂತು. ಕನ್ನಡದ್ದು. ನನಗೆ ಹೋಗುವ ಮನಸ್ಸಿರಲಿಲ್ಲ. ಗಂಗಜ್ಜಿ "ಮನೆಯಾಗ ಕೂತು ಕೊಳೀಬ್ಯಾಡ" ಎಂದು ಎಳೆದುಕೊಂಡು ಹೋದಳು. ಮತ್ತೆ ಅದೇ ರಾಡಿ, ಅದೇ ತೊಟ್ಟಿಕ್ಕುವ ನೀರು. ದೀಪ ಆರಿತು. ಪರದೆಯ ಮೇಲೆ ಅಕ್ಷರ ಬಂದವು. ಓದಲು ಹೋದೆ. ಆಗಲಿಲ್ಲ. ಕನ್ನಡವೇ, ಆದರೆ ತಲಕಟ್ಟು, ಕೊಂಬು ಎಲ್ಲ ಆ ಕಡೆಯದು ಈ ಕಡೆಗೆ. ಇಂಥ ಅಕ್ಷರ ನಾನು ಎಲ್ಲಿ ನೋಡಿದ್ದೇನೆ? ಕ್ಷೌರದಂಗಡಿಯ ಕನ್ನಡಿಯಲ್ಲಿ ಎದುರಂಗಡಿಯ ಬೋರ್ಡು ಹೀಗೇ ಕಾಣುತ್ತಿತ್ತು.

ಪರದೆಯ ಹಿಂದೆ ಕೂತ ಹೆಂಗಸರಲ್ಲಿ ಓದು ಬಂದವಳು ನಾನೊಬ್ಬಳೇ. ಅದಕ್ಕೇ ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ.

ಎದ್ದು ಓಡಿದೆ. ಗೂಟ ಸುತ್ತಿ, ಹಗ್ಗ ದಾಟಿ ಪರದೆಯ ಮುಂದೆ ಗಂಡಸರ ಕಡೆ ಹೋಗಿ ನಿಂತೆ. ಅಕ್ಷರಗಳು ನೆಟ್ಟಗೆ, ಪುಸ್ತಕದಲ್ಲಿ ಇದ್ದ ಹಾಗೆ ನಿಂತಿದ್ದವು. ನನ್ನ ನೆರಳು ಪರದೆಯ ಮೇಲೆ ಬಿತ್ತು. "ಯಾವಳದು, ಸರಿ ಆ ಕಡೆ!" ಎಂದು ಕೂಗಿದರು. ನಾನು ಅವರಿಗಿಂತ ಜೋರಾಗಿ ಕೂಗಿದೆ.

"ಅಜ್ಜೀ! ನಮಗ ಹಿಂದುಮುಂದು ತೋರಿಸ್ತಾರ! ಇಲ್ಲಿ ಎಲ್ಲಾ ನೆಟ್ಟಗ ಐತಿ! ದೇವರು ಎಡಚ ಅಲ್ಲ! ಬಂದು ನೋಡ್ರಿ!"

ಗಂಗಜ್ಜಿ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಗೂಟ ಸುತ್ತಿ ಬಂದಳು. ಗಂಡಸರ ಮುಂದೆ ನಿಂತು ಪರದೆಯ ಮೇಲಿನ ದೇವರನ್ನು ನೋಡಿದಳು. ಅವನು ಬಲಗೈ ಎತ್ತಿ ಆಶೀರ್ವಾದ ಮಾಡುತ್ತಿದ್ದ.

"ಎಷ್ಟು ವರ್ಷ ಮೋಸ ಮಾಡಿದ್ರೋ ಹಾಳಾದವ್ರ," ಎಂದಳು ಗಂಗಜ್ಜಿ. ಚಾಪೆ ಕೊಡವಿ ಅಲ್ಲೇ ಹಾಸಿ, ಮುಂದಿನ ಸಾಲಿನಲ್ಲೇ ಕೂತಳು. ಅವಳ ಹಿಂದೆ ಇನ್ನೂ ಕೆಲವರು ಬಂದರು. ಅವ್ವ ಆ ದಿನ ಬಂದಿರಲಿಲ್ಲ. ಬಂದಿದ್ದರೆ ಅವಳೂ ಎದ್ದು ಬರುತ್ತಿದ್ದಳು ಎಂದೇ ನನ್ನ ನಂಬಿಕೆ. ಗದ್ದಲವಾಗಿ ಆಟ ನಿಂತಿತು. ಆಮೇಲೆ ಟೆಂಟಿನವನು ಉದ್ದಕ್ಕೆ ಒಂದು ಬಿದಿರಿನ ತಟ್ಟಿ ಕಟ್ಟಿಸಿ, ತಟ್ಟಿಯ ಈಚೆ ಗಂಡಸರು, ಆಚೆ ಹೆಂಗಸರು, ಇಬ್ಬರೂ ಮುಂದಿನಿಂದಲೇ ನೋಡುವ ಹಾಗೆ ಮಾಡಿದ. ಭೋಂಗಾದಲ್ಲಿ ಅದನ್ನು ತನ್ನ ದೊಡ್ಡತನದ ಹಾಗೆ ಸಾರಿಕೊಂಡ.

ನನಗೆ ತಟ್ಟಿಯ ಚಿಂತೆ ಇರಲಿಲ್ಲ. ಮರುದಿನವೇ ಗದ್ದೆಗೆ ಹೋದೆ. ಸುದ್ದಿ ಹುಡುಗರಿಗೆ ಮುಟ್ಟಿತ್ತು. ಬಸವರಾಜ ನಗುತ್ತಲೇ ಹೇಳಿದ: "ಆತು ಬಿಡೇ ಇಮ್ಮಿ. ನೀ ಸುಳ್ಳು ಹೇಳಿಲ್ಲ."

ಅಷ್ಟು ಸುಲಭವಾಗಿ ಹೇಳಿಬಿಟ್ಟ. ನನ್ನ ಎದೆ ಹಗುರಾಯಿತು.

"ಹಂಗಾದ್ರ ಇವತ್ತಿಂದ ಆಟಕ್ಕ ಬರ್ತೀನಿ," ಎಂದೆ.

ಬಸವರಾಜ ದಾದಾಪೀರನನ್ನು ನೋಡಿದ. ದಾದಾಪೀರ ಚೆಂಡನ್ನು ನೋಡಿದ.

"ಏನಲೇ? ನಾ ಸುಳ್ಳು ಹೇಳಿಲ್ಲ ಅಂದ್ಯಲ್ಲ?"

"ಅದಲ್ಲ ಇಮ್ಮಿ," ಎಂದ ಬಸವರಾಜ, "ಸೊರಬದ ಮಾತು ಬಂದ ವಾರವೇ ನಮ್ಮಪ್ಪ, ನಿಮ್ಮಪ್ಪ ಮಾತಾಡಿದ್ರು. ನೀ ದೊಡ್ಡಾಕಿ ಆದಿ. ಇನ್ನ ಆಡಿಸಬ್ಯಾಡ್ರಿ, ಬಸ್ಸಿನಾಗ ಕರ್ಕೊಂಡು ಹೋಗಬ್ಯಾಡ್ರಿ ಅಂದಿದ್ರು. ನಿಂಗ ಹೆಂಗ ಹೇಳಾದು ಅಂತ ನಮಗ ಗೊತ್ತಾಗಲಿಲ್ಲ."

ಸೊರಬದ ಮಾತು ಬಂದ ವಾರ! ಟೆಂಟು ಇನ್ನೂ ಶಿಕಾರಿಪುರದಲ್ಲಿತ್ತು. ಚೆಂಡು ಸಾಹೇಬನ ಸುದ್ದಿಯೇ ಇರಲಿಲ್ಲ. ಕಾಲು ಎಡವೋ ಬಲವೋ, ಅದು ಯಾರಿಗೂ ಬೇಕಾಗಿರಲೇ ಇಲ್ಲ. ನಾನು ಬಲಗಾಲು ಎಂದಿದ್ದರೂ ಇನ್ನೊಂದು ನೆಪ ಸಿಗುತ್ತಿತ್ತು. ನೀನು ಹುಡುಗಿ, ಬರಬೇಡ ಎಂದು ನನ್ನ ಮುಖಕ್ಕೆ ಹೇಳುವ ಗಂಡೆದೆ ಇಷ್ಟು ಗಂಡಸರಲ್ಲಿ ಒಬ್ಬನಿಗೂ ಇರಲಿಲ್ಲ. ಅದಕ್ಕೆ ಸುಳ್ಳಿ ಎಂದರು. ಅವರ ಸಂಕೋಚ ಕಳೆಯಲು ನನ್ನ ಮರ್ಯಾದೆ ತೆಗೆದರು.

ಮನೆಗೆ ಬಂದು ಅವ್ವನನ್ನು ಕೇಳಿದೆ. "ನಿನಗೂ ಗೊತ್ತಿತ್ತಾ?"

ಅವ್ವ ಒಲೆಯ ಬೂದಿ ಕೆದಕುತ್ತ ಹೇಳಿದಳು: "ಗೊತ್ತಿತ್ತು. ನಿಮ್ಮಪ್ಪನ ಎದುರಿಗೆ ಎಡಗಾಲು ಅಂದೆ. ನನ್ನ ಕೈಲಿ ಅಷ್ಟೇ ಆತು."

ಅವಳ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ.

ಆಮೇಲೆ ನಾನು ಚೆಂಡು ಮುಟ್ಟಲಿಲ್ಲ. ಮುಟ್ಟಲು ಅವರು ಬಿಡಲೂ ಇಲ್ಲ. ಓದಿದೆ, ಟೀಚರ್ ಆದೆ, ನೂರಾರು ಹುಡುಗಿಯರನ್ನು ಬಯಲಿಗೆ ಅಟ್ಟಿ ಆಡಿಸಿದೆ. ಜನ ಅದನ್ನು ಹೇಳಿ ನನ್ನನ್ನು ಸಮಾಧಾನ ಮಾಡಲು ಬರುತ್ತಾರೆ. ಅದು ಅವರ ಆಟ, ನನ್ನದಲ್ಲ. ನನ್ನ ಕಾಲಿಗೆ ಬಲ ಇದ್ದ ಆ ಬೇಸಿಗೆಯಲ್ಲಿ, ನನ್ನ ಹೆಸರಿನಲ್ಲಿ, ನಾನು ನ್ಯಾಯವಾಗಿ ಆಡಬೇಕಾಗಿದ್ದ ಒಂದು ಮಧ್ಯಾಹ್ನವಿತ್ತು. ಎಲ್ಲೋ ಸಮುದ್ರದ ಆಚೆ ಒಬ್ಬನಿಗೆ ತಾನು ತಾನಾಗಿಯೇ ಪರದೆಯ ಮೇಲೆ ಬರಲು ಕರೆ ಹೋಗಿತ್ತು. ನಾನು ನಾನಾಗಿ ಸೊರಬದವರೆಗೆ ಹೋಗಲು ಯಾರೂ ಬಿಡಲಿಲ್ಲ.

ದಾದಾಪೀರನಿಗೆ ಈಗ ಹಲ್ಲಿಲ್ಲ, ಮಂಡಿ ನೋವು, ಆದರೂ ಹಬ್ಬಕ್ಕೆ ಬರುತ್ತಾನೆ. ಬಿರಿಯಾನಿ ಉಂಡು ಮಂಚದ ಮೇಲೆ ಒರಗಿದ ಮೇಲೆ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಟೆಂಟಿನ ಕಥೆ ತೆಗೆಯುತ್ತಾನೆ. ನಿಮ್ಮಜ್ಜಿ ಪರದೆ ಹಿಂದೆ ಕೂತು ಎಡಗಾಲು ಅಂತ ಊರೆಲ್ಲ ಎಬ್ಬಿಸಿದ್ದಳು ಎನ್ನುತ್ತಾನೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಈ ಸಲ ಸಣ್ಣ ಮೊಮ್ಮಗಳು ನಗಲಿಲ್ಲ. "ಅಜ್ಜಿ, ಸೊರಬದಲ್ಲಿ ಯಾರು ಗೆದ್ದರು?" ಎಂದು ಕೇಳಿದಳು.

ದಾದಾಪೀರ ಎದ್ದು ಕೂತ. ಇಷ್ಟು ವರ್ಷದಿಂದ ಆ ಮಾತು ಅವನ ನಾಲಗೆಯ ತುದಿಯಲ್ಲಿದೆ, ನನಗೆ ಗೊತ್ತು. ಪಂದ್ಯದ ದಿನ ಸಂಜೆ ಬಸ್ಸಿಳಿದು ಬಂದಾಗಲೂ ಹೇಳಲು ಬಂದಿದ್ದ, ಅವ್ವ ಸತ್ತ ದಿನವೂ ಏನೋ ನೆನಪಿಗೆ ಬಂದು ಹೇಳಲು ಹೊರಟಿದ್ದ. ಈಗ ಮತ್ತೆ ಬಾಯಿ ತೆರೆದ.

"ಗೊತ್ತಿಲ್ಲ," ಎಂದೆ ನಾನು ಮಗುವಿಗೆ. "ನಾನು ಅಲ್ಲಿರಲಿಲ್ಲ."

ದಾದಾಪೀರ "ಇಮ್ಮೀ, ಒಂದು ಸಲ ಕೇಳಿಸ್ಕೋ" ಎಂದ. ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿದೆ.